ಹುಡುಗಿಗೆ ಅನುಮಾನ, ಹೆತ್ತವರಿಗೆ ಖಾತ್ರಿ

(ಕಾರ್ಮಿಕ ಸಂಘದ ಕಟ್ಟಡದಲ್ಲಿ ಭಾನುವಾರ ಸಂಜೆಯ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ರಾತ್ರಿ ಪಾಳಿಗೆ ಹೋಗುವ ಮುನ್ನ ಬಂದು ಕುಳಿತಿರುವ ಸಂಗಾತಿಗಳೇ, ಅಂಗಡಿ ಬಾಗಿಲನ್ನು ಒಂದು ತಾಸು ಮೊದಲೇ ಹಾಕಿ ಬಂದಿರುವ ವ್ಯಾಪಾರಿ ಬಂಧುಗಳೇ, ತಾಯಂದಿರೇ,

ಈ ಸಂಜೆಯ ವಿಷಯವನ್ನು ಹೊರಗಿನ ಹಲಗೆಯ ಮೇಲೆ ಬರೆದ ದಿನದಿಂದ ನಮಗೆ ಎರಡು ಬಗೆಯ ಮಾತು ಕೇಳಿಬಂದಿದೆ. "ಬೋನಸ್ಸಿನ ವಿಷಯ ಇತ್ಯರ್ಥವಾಗದೆ ಬಿದ್ದಿರುವಾಗ ಅಮೆರಿಕದ ಸಿನಿಮಾದ ಮಾತೇಕೆ?" ಎಂದು ಕೆಲವರು. "ಇಂಥ ವಿಷಯವನ್ನು ಹೆಂಗಸರು ಮಕ್ಕಳು ಕೂರುವ ಸಭೆಯಲ್ಲಿ ಆಡಬಹುದೇ?" ಎಂದು ಇನ್ನು ಕೆಲವರು. ಮೊದಲನೆಯವರಿಗೆ ನಮ್ಮ ಉತ್ತರ ಇಷ್ಟೇ: ಬೋನಸ್ಸಿನ ಸಭೆ ಬುಧವಾರ ಇದೆ, ತಪ್ಪದೆ ಬನ್ನಿ. ಎರಡನೆಯವರಿಗೆ: ಹೆಂಗಸರು ಮಕ್ಕಳು ಇರುವ ಮನೆಯಲ್ಲೇ ನಡೆಯುವ ಸಂಗತಿಯನ್ನು ಅವರಿಲ್ಲದ ಕಡೆ ಕೂತು ಆಡಿ ಫಲವೇನು?

ನಾವು ಹೇಳಹೊರಟಿರುವುದು ಒಂದು ನಗೆ ಚಿತ್ರದ ಕಥೆ. ಹೆಸರು 'ಬಟ್ ಐ ಆಮ್ ಎ ಚಿಯರ್‌ಲೀಡರ್'. ಕನ್ನಡದಲ್ಲಿ ಹೇಳುವುದಾದರೆ 'ಅಯ್ಯೋ, ನಾನು ಚಿಯರ್‌ಲೀಡರ್ ಅಲ್ಲವೇ!' ಎಂದಂತಾಗುತ್ತದೆ. 1999ರಲ್ಲಿ ಟೊರಾಂಟೋದ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, 2000ದ ಜುಲೈಯಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ನಿರ್ದೇಶಿಸಿದಾಕೆ ಜೇಮಿ ಬ್ಯಾಬಿಟ್. ಆಕೆಯ ಮೊದಲ ದೊಡ್ಡ ಚಿತ್ರ. ಚಿತ್ರಕಥೆ ಬ್ರಯನ್ ವೇನ್ ಪೀಟರ್ಸನ್ ಅವರದು. ಚಿಯರ್‌ಲೀಡರ್ ಎಂದರೆ ಯಾರೆಂದು ಐಪಿಎಲ್ ಕ್ರಿಕೆಟ್ ನೋಡುವ ನಮ್ಮ ಹುಡುಗರಿಗೆ ಹೇಳಬೇಕಾಗಿಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ಫುಟ್‌ಬಾಲ್ ತಂಡದ ಹುಡುಗರನ್ನು ಹುರಿದುಂಬಿಸಲು ಗೊಂಡೆ ಹಿಡಿದು ಕುಣಿಯುವ ಹುಡುಗಿಯರ ತಂಡ ಇರುತ್ತದೆ. ಆ ತಂಡದಲ್ಲಿ ಇರುವುದೆಂದರೆ ಶಾಲೆಯ ಹೆಣ್ಣುಮಕ್ಕಳಲ್ಲಿ ಮೊದಲ ಪಂಕ್ತಿ. ಒಳ್ಳೆಯ ಮನೆತನ, ಒಳ್ಳೆಯ ನಡತೆ, ತಂಡದಲ್ಲೇ ಒಬ್ಬ ಗೆಳೆಯ, ಭಾನುವಾರ ಚರ್ಚಿಗೆ ಹೋಗುವ ಅಪ್ಪ ಅಮ್ಮ. ಇಷ್ಟೆಲ್ಲ ಇದ್ದ ಮೇಲೆ ಆ ಹುಡುಗಿಯ ಬಗ್ಗೆ ಯಾರಾದರೂ ಅನುಮಾನ ಪಡುವುದುಂಟೇ?

ಪಡುತ್ತಾರೆ, ಅಲ್ಲೇ ಕಥೆ ಆರಂಭ. ಮೇಗನ್ ಎಂಬ 17 ವರ್ಷದ ಹುಡುಗಿ. ಗೆಳೆಯ ಮುತ್ತಿಡುವಾಗ ಆಕೆಯ ಮನಸ್ಸು ಎಲ್ಲೋ ಇರುತ್ತದೆ. ಯಾಕೆಂದು ಆಕೆಗೇ ತಿಳಿಯದು, ಎಲ್ಲ ಹುಡುಗಿಯರಿಗೂ ಹೀಗೆಯೇ ಇರಬೇಕೆಂದುಕೊಂಡಿದ್ದಾಳೆ. ಒಂದು ದಿನ ಮನೆಗೆ ಬಂದರೆ ನಡುಮನೆಯಲ್ಲಿ ಪಂಚಾಯಿತಿ ಸೇರಿದೆ. ತಂದೆ, ತಾಯಿ, ಆ ಗೆಳೆಯ, ಜೊತೆಗಾತಿಯರು, ಇವರೆಲ್ಲರ ಜೊತೆ ಒಬ್ಬ ಅಪರಿಚಿತ ಗಂಡಸು. "ನೀನು ಸಲಿಂಗಪ್ರೇಮಿ ಎಂದು ನಮಗೆ ಅನುಮಾನ" ಎಂದು ತೀರ್ಪು. ಸಾಕ್ಷ್ಯವೇನು? ಗೋಡೆಯ ಮೇಲೆ ಒಬ್ಬ ಹಾಡುಗಾರ್ತಿಯ ಚಿತ್ರವಿದೆ. ಶಾಲೆಯ ಕಪಾಟಿನಲ್ಲಿ ಒಂದು ಹೆಣ್ಣಿನ ಫೋಟೋ ಇದೆ. ದಿಂಬಿನ ಮೇಲಿನ ಹೂವಿನ ಚಿತ್ತಾರ ಯಾಕೋ ಸರಿಯಿಲ್ಲ. ಎಲ್ಲಕ್ಕಿಂತ ದೊಡ್ಡದು, ಹುಡುಗಿ ಮಾಂಸ ತಿನ್ನುವುದನ್ನು ಬಿಟ್ಟು ಸೋಯಾ ಹಾಲಿನ ಗಿಣ್ಣು ತಿನ್ನುತ್ತಾಳೆ! (ಈ ಸಾಕ್ಷ್ಯವನ್ನು ನಮ್ಮ ಜಿಲ್ಲೆಗೆ ಅನ್ವಯಿಸಿದರೆ ಪೇಟೆಬೀದಿಯ ಅರ್ಧಕ್ಕರ್ಧ ಜನ ಗಂಟುಮೂಟೆ ಕಟ್ಟಬೇಕಾಗುತ್ತದೆ.)

ನಾವು ಈ ದೃಶ್ಯಕ್ಕೆ ಗಟ್ಟಿಯಾಗಿ ನಕ್ಕೆವು. ಆಮೇಲೆ ನಗು ನಿಂತಿತು. ಏಕೆಂದರೆ ಆ ಕೋಣೆಯಲ್ಲಿರುವ ಎಲ್ಲರಿಗೂ ಎಲ್ಲವೂ ಗೊತ್ತು. ಅಪ್ಪನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಹಣ ಪಡೆದು ಬಂದಿರುವ ಆ ಅಪರಿಚಿತನಿಗಂತೂ ಬಾಗಿಲು ತಟ್ಟುವ ಮೊದಲೇ ಗೊತ್ತು. ಗೊತ್ತಿಲ್ಲದವಳು ಒಬ್ಬಳೇ, ಯಾರ ವಿಷಯ ಮಾತಾಡುತ್ತಿದ್ದಾರೋ ಅವಳು. ಹದಿಹರೆಯದ ಮಗುವಿಗೆ ತನ್ನ ಒಲವು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂಬುದು ತಿಳಿಯದೆ ಇರುವುದು ಅಪರಾಧವಲ್ಲ, ರೋಗವೂ ಅಲ್ಲ. ಕೆಲವರಿಗೆ ಹತ್ತನೆಯ ವಯಸ್ಸಿಗೇ ತಿಳಿಯುತ್ತದೆ, ಕೆಲವರಿಗೆ ಮೂವತ್ತಕ್ಕೆ, ಕೆಲವರಿಗೆ ಎರಡೂ ಕಡೆ ಒಲವಿರುತ್ತದೆ. ಆದರೆ ಹೆತ್ತವರಿಗೆ ಕಾಯುವ ವ್ಯವಧಾನವಿಲ್ಲ. ಮಗುವಿಗೆ ಅನುಮಾನವಿದ್ದರೆ ತಾವು ಖಾತ್ರಿ ಮಾಡಿಕೊಳ್ಳುತ್ತಾರೆ, ಖಾತ್ರಿಯಾದ ಕೂಡಲೆ ರಿಪೇರಿಗೆ ಕೊಡುತ್ತಾರೆ.

ಆ ರಿಪೇರಿ ಅಂಗಡಿಯ ಹೆಸರು 'ಟ್ರೂ ಡೈರೆಕ್ಷನ್ಸ್', ಸರಿಯಾದ ದಾರಿ ಎಂದರ್ಥ. ಎರಡು ತಿಂಗಳ ಶಿಬಿರ. ಹುಡುಗಿಯರ ಕೋಣೆ, ಬಟ್ಟೆ, ಹಾಸಿಗೆ ಎಲ್ಲ ಗುಲಾಬಿ ಬಣ್ಣ, ಹುಡುಗರದ್ದೆಲ್ಲ ನೀಲಿ. ಹೂವುಗಳು ಪ್ಲಾಸ್ಟಿಕ್ಕಿನವು. ನಮಗೆ ಅದನ್ನು ನೋಡಿ ಗಿರಣಿಯೇ ನೆನಪಿಗೆ ಬಂತು: ಒಂದು ಕಡೆಯಿಂದ ಹತ್ತಿ ಹೋಗುತ್ತದೆ, ಇನ್ನೊಂದು ಕಡೆಯಿಂದ ಒಂದೇ ನಂಬರಿನ ನೂಲು ಬರುತ್ತದೆ, ಬೇರೆ ನಂಬರು ಬಂದರೆ ಮಾಲೀಕನಿಗೆ ಸಿಟ್ಟು. ಶಿಬಿರದಲ್ಲಿ ಐದು ಮೆಟ್ಟಿಲು. ಮೊದಲನೆಯದು, ತಾನು ಸಲಿಂಗಪ್ರೇಮಿ ಎಂದು ಎಲ್ಲರೆದುರು ಒಪ್ಪಿಕೊಳ್ಳುವುದು. ಎರಡನೆಯದು, ಗಂಡು ಗಂಡಾಗುವುದನ್ನೂ ಹೆಣ್ಣು ಹೆಣ್ಣಾಗುವುದನ್ನೂ ಮತ್ತೆ ಕಲಿಯುವುದು: ಹುಡುಗಿಯರಿಗೆ ಕಸ ಹೊಡೆಯುವುದು, ನೆಲ ಉಜ್ಜುವುದು, ಬೊಂಬೆಗೆ ಚಡ್ಡಿ ಕಟ್ಟುವುದು, ಹುಡುಗರಿಗೆ ಸೌದೆ ಸೀಳುವುದು, ಮೋಟಾರು ಬಿಚ್ಚುವುದು. ಗಂಡಸುತನ ಕಲಿಸುವ ಮೇಷ್ಟರು ಮೈಕ್ ಎಂಬಾತ. ನಡುಮನೆಗೆ ಬಂದಿದ್ದ ಅಪರಿಚಿತ ಇವನೇ. "ನಾನೂ ಹಿಂದೆ ಹಾಗಿದ್ದೆ, ಈಗ ಸರಿಹೋಗಿದ್ದೇನೆ" ಎನ್ನುವ ಈತನ ಕಣ್ಣು ಸದಾ ತೋಟದಲ್ಲಿ ಕೆಲಸ ಮಾಡುವ ಯುವಕನ ಮೇಲೆ. ಈ ಪಾತ್ರ ಮಾಡಿರುವವರು ರೂಪಾಲ್. ಹೆಣ್ಣುವೇಷದ ಕಲೆಯಿಂದಲೇ ಅಮೆರಿಕದಲ್ಲಿ ಮನೆಮಾತಾದ ಕಲಾವಿದರನ್ನು ಕರೆತಂದು ಗಂಡಸುತನದ ಮೇಷ್ಟರ ಪಾತ್ರ ಕೊಟ್ಟಿರುವುದು ನಿರ್ದೇಶಕಿಯ ಕುಚೋದ್ಯ.

ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮನೆಯಲ್ಲಿದ್ದಾಗ ಮೇಗನ್‌ಗೆ ತಾನೇನೆಂದು ತಿಳಿದಿರಲಿಲ್ಲ. ಶಿಬಿರದಲ್ಲಿ ಮೊದಲ ಮೆಟ್ಟಿಲು ಹತ್ತಿಸಲು ಎಲ್ಲರೂ ಸೇರಿ ಅಗೆದಗೆದು ಕೇಳಿದಾಗಲೇ ಆಕೆಗೆ ಹೊಳೆಯುವುದು, ಹೌದಲ್ಲ, ನಾನು ಹುಡುಗಿಯರನ್ನೇ ನೋಡುತ್ತಿದ್ದೆನಲ್ಲ ಎಂದು. ಬಿಡಿಸಲೆಂದು ಕಳಿಸಿದ ಜಾಗದಲ್ಲೇ ಹುಡುಗಿಗೆ ತನ್ನ ಮನಸ್ಸು ಗೊತ್ತಾಯಿತು, ಅಲ್ಲೇ ಗ್ರೇಯಂ ಎಂಬ ಹುಡುಗಿಯ ಮೇಲೆ ಪ್ರೀತಿಯೂ ಹುಟ್ಟಿತು. ಅಪ್ಪ ಅಮ್ಮ ಸುಮ್ಮನಿದ್ದಿದ್ದರೆ ಆಕೆ ಆ ಫುಟ್‌ಬಾಲ್ ಹುಡುಗನನ್ನೇ ಮದುವೆಯಾಗಿ ಜೀವನವಿಡೀ ಯಾಕೆ ಹೀಗಾಗುತ್ತಿದೆ ಎಂದು ಕೊರಗುತ್ತಿದ್ದಳೋ ಏನೋ! ಅವಸರದ ಹೆತ್ತವರು ತಮಗೆ ತಾವೇ ಮಾಡಿಕೊಂಡ ಈ ಫಜೀತಿಯೇ ಚಿತ್ರದ ಹಾಸ್ಯದ ತಿರುಳು.

ಈಗ ಮೂರನೆಯ ಮೆಟ್ಟಿಲಿಗೆ ಬರೋಣ. ದುಡಿಯುವ ಜನ ಇದನ್ನು ಗಮನವಿಟ್ಟು ಕೇಳಬೇಕು. ಈ ಮೆಟ್ಟಿಲಲ್ಲಿ ಹೆತ್ತವರನ್ನು ಕರೆಸಿ 'ಬೇರು' ಹುಡುಕುತ್ತಾರೆ. ಮಗು ಹೀಗಾಗಲು ಮೂಲ ಕಾರಣ ಏನೆಂದು ಪ್ರತಿಯೊಬ್ಬರೂ ಒಂದೊಂದು ಹೇಳಬೇಕು. ಒಬ್ಬರು ಹೇಳುವುದು, ತಾನು ಹುಟ್ಟಿದ್ದು ಫ್ರಾನ್ಸಿನಲ್ಲಿ ಎಂದು. ಗ್ರೇಯಂ ಹೇಳುವುದು, ತನ್ನ ತಾಯಿ ಮದುವೆಯ ದಿನ ಪ್ಯಾಂಟು ಹಾಕಿದ್ದಳು ಎಂದು. ಮೇಗನ್ ಪಾಪ, ಎಷ್ಟು ಯೋಚಿಸಿದರೂ ಸಿಗುತ್ತಿಲ್ಲ. ಕಡೆಗೆ ಒಂದು ಸಿಕ್ಕಿತು: ಆಕೆ ಚಿಕ್ಕವಳಿದ್ದಾಗ ತಂದೆಗೆ ಕೆಲವು ತಿಂಗಳು ಕೆಲಸವಿರಲಿಲ್ಲ, ತಾಯಿ ದುಡಿದು ಸಂಸಾರ ನಡೆಸಿದಳು. ಇದೇ ಬೇರು! ಶಿಬಿರದ ಒಡತಿ ಮೇರಿ ಬ್ರೌನ್‌ಗೆ ಸಂತೋಷವೋ ಸಂತೋಷ. ಅಪ್ಪ ಮನೆಯಲ್ಲಿ, ಅಮ್ಮ ಕೆಲಸಕ್ಕೆ. ಗಂಡು ಹೆಣ್ಣಿನ ವ್ಯವಸ್ಥೆಯೇ ತಲೆಕೆಳಗಾಯಿತು, ಅದರಿಂದ ಮಗಳ ಮನಸ್ಸೂ ತಲೆಕೆಳಗಾಯಿತು!

ಬಂಧುಗಳೇ, ಇದು ನಗೆಯ ಮಾತೆಂದು ಬಿಡಲು ನಮಗೆ ಮನಸ್ಸು ಬರಲಿಲ್ಲ. ತಂದೆಯ ಕೆಲಸ ಹೋದದ್ದಕ್ಕೆ ತಂದೆ ಹೊಣೆಯೇ? ಗಿರಣಿಯ ಬಾಗಿಲಿಗೆ ಬೀಗ ಬಿದ್ದಾಗ ಎಷ್ಟು ಮನೆಗಳಲ್ಲಿ ತಾಯಂದಿರು ಹೊಲಿಗೆ ಯಂತ್ರ ತಿರುಗಿಸಿದರು, ಹಪ್ಪಳ ಲಟ್ಟಿಸಿದರು, ಬೀಡಿ ಕಟ್ಟಿದರು, ಹೋಟೆಲಿನಲ್ಲಿ ಪಾತ್ರೆ ತೊಳೆದರು ಎಂಬುದು ಇಲ್ಲಿ ಕುಳಿತವರಿಗೆ ನಾವು ಹೇಳಬೇಕಾಗಿಲ್ಲ. ಆ ತಾಯಂದಿರಲ್ಲಿ ಕೆಲವರು ಎದುರಿಗೇ ಇದ್ದಾರೆ. ಕೆಲಸ ಕಿತ್ತುಕೊಂಡವನನ್ನು ಬಿಟ್ಟು, ಮನೆ ಉಳಿಸಿದ ಹೆಂಗಸಿನ ತಲೆಯ ಮೇಲೆ ತಪ್ಪು ಹೊರಿಸುವ ಈ ಶಾಸ್ತ್ರ ಚಿತ್ರದವರು ಗಾಳಿಯಲ್ಲಿ ಕಟ್ಟಿದ್ದಲ್ಲ. ತಾಯಿ ಬಲವಾದವಳಾಗಿ ತಂದೆ ದೂರವಾದರೆ ಮಗ ಸಲಿಂಗಪ್ರೇಮಿಯಾಗುತ್ತಾನೆಂದು ಅಮೆರಿಕದ ಮನೋವೈದ್ಯರೇ ಬಹಳ ವರ್ಷ ದಪ್ಪ ಪುಸ್ತಕಗಳಲ್ಲಿ ಬರೆದಿದ್ದರು. ಚಿತ್ರ ಆ ಶಾಸ್ತ್ರವನ್ನು ಹಾಗೆಯೇ ಎತ್ತಿ ಶಿಬಿರದ ಒಡತಿಯ ಬಾಯಿಗೆ ಹಾಕಿದೆ, ಅಷ್ಟೇ. ಹಾಕಿದ ಕೂಡಲೆ ಅದು ಎಷ್ಟು ಪೊಳ್ಳೆಂಬುದು ಮಕ್ಕಳಿಗೂ ಕಾಣುತ್ತದೆ.

ಇನ್ನೊಂದು ಸಣ್ಣ ಪಾತ್ರವಿದೆ, ಜ್ಯಾನ್ ಎಂದು. ಕೂದಲು ಗಿಡ್ಡ, ಬಟ್ಟೆ ದೊಗಲೆ, ಚೆಂಡಾಟದಲ್ಲಿ ಗಟ್ಟಿಗಳು. ನೋಡಿದವರೆಲ್ಲ ಇವಳು ಹೆಣ್ಣುಗಳನ್ನು ಪ್ರೀತಿಸುವವಳೇ ಎಂದು ತೀರ್ಮಾನಿಸಿ ಶಿಬಿರಕ್ಕೆ ತಳ್ಳಿದ್ದಾರೆ. ಒಂದು ದಿನ ಆ ಹುಡುಗಿ ಅಳುತ್ತ ಹೇಳುತ್ತಾಳೆ, ತನಗೆ ಇಷ್ಟವಿರುವುದು ಹುಡುಗರೇ, ತಾನು ಕಾಣುವ ರೀತಿ ನೋಡಿ ಎಲ್ಲರೂ ಹಾಗೆಂದುಕೊಂಡರು ಎಂದು. ಯಾರೂ ನಂಬುವುದಿಲ್ಲ! ಮೇಗನ್ ನೋಡಲು ಎಷ್ಟು ಹೆಣ್ಣೋ ಅಷ್ಟು ಹೆಣ್ಣು, ಆಕೆ ಒಲಿದದ್ದು ಹೆಣ್ಣಿಗೆ. ಜ್ಯಾನ್ ನೋಡಲು ಗಂಡಿನಂತೆ, ಆಕೆ ಒಲಿದದ್ದು ಗಂಡಿಗೆ. ಅಂಗಡಿಯ ಬೋರ್ಡು ನೋಡಿ ಒಳಗಿನ ಸರಕು ಹೇಳುವೆವೆಂಬ ಹಿರಿಯರಿಗೆ ಈ ಇಬ್ಬರು ಹುಡುಗಿಯರೇ ಸಾಕು.

ಗ್ರೇಯಂ ಮಾತ್ರ ಬೇರೆ ಬಗೆ. ಅವಳಿಗೆ ತನ್ನ ಮನಸ್ಸಿನ ಬಗ್ಗೆ ಯಾವ ಅನುಮಾನವೂ ಇಲ್ಲ. ಶಿಬಿರದ ಪಾಠಗಳನ್ನು ಕಂಡು ನಗುತ್ತಾಳೆ. ಹಾಗಿದ್ದ ಮೇಲೆ ಬಾಗಿಲು ತೆಗೆದು ಹೊರಗೆ ಯಾಕೆ ಹೋಗುವುದಿಲ್ಲ? ತಂದೆ ಶ್ರೀಮಂತ. ಸರಿಯಾಗಿ ಪಾಸಾಗಿ ಬರದಿದ್ದರೆ ಕಾಲೇಜಿನ ಹಣವಿಲ್ಲ, ಆಸ್ತಿಯಿಲ್ಲ, ಮಗಳೇ ಅಲ್ಲ ಎಂದಿದ್ದಾನೆ. ಇಬ್ಬರೂ ಸಿಕ್ಕಿಬಿದ್ದ ದಿನ ಮೇಗನ್ ತಲೆ ಎತ್ತಿ ನಿಲ್ಲುತ್ತಾಳೆ, ಅವಳನ್ನು ಹೊರಗೆ ಹಾಕುತ್ತಾರೆ. ಗ್ರೇಯಂ ತಲೆ ತಗ್ಗಿಸಿ ಉಳಿದುಬಿಡುತ್ತಾಳೆ. ಎಲ್ಲ ತಿಳಿದ ಧೈರ್ಯಸ್ಥೆ ಹೆದರಿದಳು, ಏನೂ ತಿಳಿಯದ ಪೆದ್ದಿ ಗೆದ್ದಳು. ಗ್ರೇಯಂಳನ್ನು ಹೇಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅನ್ನ, ಸೂರು, ಓದು ಮೂರೂ ಒಬ್ಬನ ಕೈಯಲ್ಲಿರುವಾಗ ಹದಿನೇಳರ ಮಗು ನಿಜ ಹೇಳುವುದು ಹೇಗೆ? ಮುಷ್ಕರದ ದಿನ ಗೇಟಿನ ಹೊರಗೆ ನಿಲ್ಲಲು ಎದೆಗುಂದಿದ ಕೆಲಸಗಾರನನ್ನು ನಾವು ಬೈದಿಲ್ಲ, ಅವನ ಮನೆಯಲ್ಲಿ ಎಷ್ಟು ದಿನಕ್ಕೆ ಅಕ್ಕಿಯಿದೆ ಎಂದು ವಿಚಾರಿಸಿದ್ದೇವೆ. ಮಗುವಿಗೆ ಆ ಲೆಕ್ಕ ಇನ್ನೂ ಕಠಿಣ. ಕೆಲಸಗಾರನಿಗೆ ಸಂಘವಿದೆ, ಮಗುವಿಗೆ ಯಾರಿದ್ದಾರೆ?

ಚಿತ್ರದಲ್ಲಿ ಇಬ್ಬರಿದ್ದಾರೆ. ಲಾಯ್ಡ್ ಮತ್ತು ಲ್ಯಾರಿ ಎಂಬ ವಯಸ್ಸಾದ ಗಂಡಸರ ಜೋಡಿ, ಹಿಂದೆ ಅದೇ ಶಿಬಿರದಿಂದ ಹೊರಬಂದವರು. ಹೊರಗೆ ತಳ್ಳಿಸಿಕೊಂಡ ಮಕ್ಕಳಿಗೆ ಮನೆಯಲ್ಲಿ ಜಾಗ ಕೊಡುತ್ತಾರೆ. ಮೇಗನ್ ಅವರ ಬಳಿ ಹೋಗಿ, ಸಲಿಂಗಪ್ರೇಮಿಯಾಗಿ ಬದುಕುವುದು ಹೇಗೆಂದು ನೀವಾದರೂ ಕಲಿಸಿ ಎನ್ನುತ್ತಾಳೆ. ಪಾಪ, ಪಾಠ ಹೇಳಿಸಿಕೊಂಡು ಅಭ್ಯಾಸವಾಗಿದೆ! ಅದಕ್ಕೆಲ್ಲ ಒಂದೇ ರೀತಿ ಎಂಬುದಿಲ್ಲ, ನೀನು ನೀನಾಗಿರು ಎಂಬ ಅರ್ಥದ ಮಾತು ಹೇಳಿ ಅವರು ಸುಮ್ಮನಾಗುತ್ತಾರೆ. ಇಡೀ ಚಿತ್ರದಲ್ಲಿ ಪಾಠ ಹೇಳಲು ಒಲ್ಲೆನೆಂದ ಹಿರಿಯರು ಇವರಿಬ್ಬರೇ.

ಚಿತ್ರದಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಬಂದ ವರ್ಷ ವಿಮರ್ಶಕರಲ್ಲಿ ಬಹಳ ಮಂದಿ ಮೂಗು ಮುರಿದಿದ್ದರು. ಪಾತ್ರಗಳು ಕೆಲವು ಕಡೆ ಕಾಗದ ಕತ್ತರಿಸಿ ಮಾಡಿದ ಬೊಂಬೆಗಳಂತಿವೆ. ತಾಯಿ ತಂದೆಯರ ಭಯಕ್ಕೂ ಒಂದು ಒಳಗಿರುತ್ತದಲ್ಲ, ಅದನ್ನು ಚಿತ್ರ ತೆರೆದು ನೋಡುವುದು ಕಡಿಮೆ. ನಮಗೆ ಈ ಚಿತ್ರ ಹಿಡಿಸಿದ್ದು ಬೇರೆ ಕಾರಣಕ್ಕೆ. ಇಷ್ಟು ಕಾಲ ಬೆಳ್ಳಿತೆರೆಯ ಮೇಲೆ ಹೆಣ್ಣಿಗನಂತೆ ನಡೆಯುವ ಗಂಡಸು ಬಂದನೆಂದರೆ ನಗಿಸಲು ಬಂದನೆಂದೇ ಲೆಕ್ಕ. ಅಮೆರಿಕದಲ್ಲೂ ಹಾಗೆ, ನಮ್ಮ ಕನ್ನಡ ಚಿತ್ರಗಳಲ್ಲೂ ಹಾಗೆಯೇ. ನಾವೂ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವರೇ. ಆ ನಗೆಯಲ್ಲಿ ಪೆಟ್ಟು ಬೀಳುವುದು ದುರ್ಬಲನಿಗೆ. ಇಲ್ಲಿ ನಿರ್ದೇಶಕಿ ಚಾವಟಿಯನ್ನು ತಿರುಗಿಸಿ ಹಿಡಿದಿದ್ದಾಳೆ. ತಿಳಿಯದ ಹುಡುಗಿಯನ್ನು ಒಮ್ಮೆಯೂ ಹಾಸ್ಯ ಮಾಡದೆ, ತಿಳಿದಿದ್ದೇವೆಂದು ಎದೆಯುಬ್ಬಿಸುವ ದೊಡ್ಡವರನ್ನು ಹಾಸ್ಯ ಮಾಡಿದ್ದಾಳೆ. ಆಕೆಗೆ ಇಂಥ ಜಾಗಗಳ ಒಳಗುಟ್ಟು ಸ್ವಲ್ಪ ತಿಳಿದಿತ್ತು: ಆಕೆಯ ತಾಯಿ ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಬಿದ್ದ ಹದಿಹರೆಯದವರಿಗಾಗಿ ಒಂದು ಕೇಂದ್ರ ನಡೆಸುತ್ತಿದ್ದರು. ಚಟ ಬಿಡಿಸುವ ಮೆಟ್ಟಿಲುಗಳನ್ನೇ ಪ್ರೀತಿ ಬಿಡಿಸಲು ಹಚ್ಚಿದರೆ ಹೇಗಿರುತ್ತದೆಂಬ ಯೋಚನೆ ಅಲ್ಲಿಂದ ಬಂದದ್ದು.

ಈ ಚಿತ್ರಕ್ಕೂ ಒಬ್ಬ ಅಪ್ಪ ಇದ್ದ. ಅಮೆರಿಕದಲ್ಲಿ ಸಿನಿಮಾಗಳಿಗೆ ದರ್ಜೆ ಕೊಡುವ ಮಂಡಳಿ ಇದಕ್ಕೆ ಮೊದಲು ಎನ್‌ಸಿ-17 ಎಂಬ ಅತಿ ಕಠಿಣ ದರ್ಜೆ ಕೊಟ್ಟಿತು. ಅಂದರೆ 17 ವರ್ಷ ಹಾಗೂ ಅದಕ್ಕಿಂತ ಚಿಕ್ಕವರಿಗೆ ಪ್ರವೇಶವೇ ಇಲ್ಲ. ಕಥಾನಾಯಕಿಗೆ ಎಷ್ಟು ವಯಸ್ಸು? ಹದಿನೇಳು! ಆಕೆಯ ಕಥೆಯನ್ನು ಆಕೆಯೇ ನೋಡುವಂತಿಲ್ಲ. ಕೆಲವು ತುಣುಕು ಕತ್ತರಿಸಿದ ಮೇಲೆ 'ಆರ್' ದರ್ಜೆ ಸಿಕ್ಕಿತು. ಆರ್ ಎಂದರೆ 17 ತುಂಬದವರು ತಂದೆಯನ್ನೋ ತಾಯಿಯನ್ನೋ ಬೇರೆ ಹಿರಿಯರನ್ನೋ ಜೊತೆಗೆ ಕರೆತಂದು ನೋಡಬೇಕು. ಅಪ್ಪನಿಗೆ ಹೆದರಿ ಮನಸ್ಸು ಮುಚ್ಚಿಟ್ಟ ಮಗು ಈ ಚಿತ್ರ ನೋಡಬೇಕಾದರೆ ಅಪ್ಪನ ಕೈ ಹಿಡಿದು ಟಿಕೀಟು ಕೊಳ್ಳಬೇಕು! ಅದೇ ಕಾಲದಲ್ಲಿ ಹುಡುಗರು ಹುಡುಗಿಯರ ಹಿಂದೆ ಬಿದ್ದು ಮಾಡುವ ಚೇಷ್ಟೆಗಳೇ ತುಂಬಿದ 'ಅಮೆರಿಕನ್ ಪೈ' ಎಂಬ ಚಿತ್ರ ಆರ್ ದರ್ಜೆಯಲ್ಲೇ ಊರೆಲ್ಲ ಮೆರೆಯಿತು. 2006ರಲ್ಲಿ ಈ ಮಂಡಳಿಯ ಒಳಗನ್ನು ಬಯಲಿಗೆಳೆದ ಒಂದು ಸಾಕ್ಷ್ಯಚಿತ್ರದಲ್ಲಿ ಬ್ಯಾಬಿಟ್ ಈ ಪಕ್ಷಪಾತವನ್ನು ಬಿಚ್ಚಿ ಹೇಳಿದ್ದಾಳೆ.

ಇಂಥ ಶಿಬಿರ ನಿಜವಾಗಿಯೂ ಇತ್ತೇ ಎಂದು ಕೇಳುವಿರಿ. ಇತ್ತು, ಬೇಕಾದಷ್ಟು. ಅಮೆರಿಕದ ಮನೋವೈದ್ಯರ ಸಂಘ 1973ರ ಡಿಸೆಂಬರಿನಲ್ಲೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ರೋಗವಲ್ಲವೆಂದು ವೈದ್ಯರು ಹೇಳಿದ ಮೇಲೂ ಔಷಧಿಯ ವ್ಯಾಪಾರ ನಿಲ್ಲಲಿಲ್ಲ. 1976ರಲ್ಲಿ ಆರಂಭವಾದ 'ಎಕ್ಸೋಡಸ್' ಎಂಬ ಧಾರ್ಮಿಕ ಸಂಸ್ಥೆ ಇಂಥವರನ್ನು 'ಬದಲಾಯಿಸುವ' ಕೂಟಗಳನ್ನೆಲ್ಲ ಒಂದು ಕೊಡೆಯ ಕೆಳಗೆ ತಂದಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಕಲ್ ಬಸ್ಸಿ ಎಂಬವರು 1979ರಲ್ಲಿ ತಮ್ಮ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಗಂಡಸನ್ನೇ ಪ್ರೀತಿಸಿ ಸಂಸ್ಥೆ ಬಿಟ್ಟು ಹೋದರು! ನಗೆ ಚಿತ್ರದವರು ಇದನ್ನು ಕಟ್ಟಿದ್ದರೆ ಅತಿಯಾಯಿತೆನ್ನುತ್ತಿದ್ದೆವು. 2013ರ ಜೂನಿನಲ್ಲಿ ಸಂಸ್ಥೆಯ ಅಧ್ಯಕ್ಷ ಅಲನ್ ಚೇಂಬರ್ಸ್ ಕ್ಷಮೆ ಕೇಳಿ, ಬಾಗಿಲು ಮುಚ್ಚುತ್ತೇವೆಂದು ಸಾರಿದರು. ಅದಕ್ಕೆ ಒಂದು ವರ್ಷ ಮೊದಲು, ಬದಲಾವಣೆ ಕೆಲವರಿಗೆ ಸಾಧ್ಯವೆಂದು ಒಂದು ಕಾಲದಲ್ಲಿ ಬರೆದಿದ್ದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್, ತಮ್ಮ ಅಧ್ಯಯನ ತಪ್ಪಾಗಿತ್ತೆಂದು ಬಹಿರಂಗವಾಗಿ ಕ್ಷಮೆ ಬೇಡಿದ್ದರು. ಕ್ಷಮೆ ಬಂತು, ಹೋದ ವರ್ಷಗಳನ್ನು ಮಕ್ಕಳಿಗೆ ಯಾರು ತಂದುಕೊಡುತ್ತಾರೆ?

ನಮ್ಮ ದೇಶದ ಮಾತನ್ನು ಎರಡು ಸಾಲಿನಲ್ಲಿ ಹೇಳಿಬಿಡುತ್ತೇವೆ, ಏಕೆಂದರೆ ನಿಮ್ಮಲ್ಲಿ ಕೆಲವರು ಇದಿನ್ನೂ ಅಪರಾಧವೆಂದೇ ತಿಳಿದಿದ್ದೀರಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. 2021ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ಹೆತ್ತವರಿಗೆ ಹೆದರಿ ಊರು ಬಿಟ್ಟು ಬಂದ ಇಬ್ಬರು ಯುವತಿಯರ ಮೊಕದ್ದಮೆ ಬಂತು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ತಮಗೇ ಈ ವಿಷಯ ತಿಳಿದಿಲ್ಲವೆಂದು ಒಪ್ಪಿಕೊಂಡು, ತಿಳಿದವರ ಮುಂದೆ ಕುಳಿತು ಕೇಳಿ, ಆಮೇಲೆ ಆದೇಶ ಬರೆದರು. ಒಲವು ಬದಲಾಯಿಸುವ ಚಿಕಿತ್ಸೆ ಕೂಡದೆಂದರು. ಅದರ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ವೈದ್ಯನೊಬ್ಬ ಇಂಥ ಚಿಕಿತ್ಸೆ ಮಾಡುವುದು ವೃತ್ತಿಯ ದುರ್ನಡತೆ ಎಂದು ತಿಳಿಸಿತು. ತಮಗೆ ತಿಳಿಯದೆಂದು ಹೈಕೋರ್ಟಿನ ನ್ಯಾಯಾಧೀಶರು ಹೇಳಬಲ್ಲರು. ಆದರೆ ನಮ್ಮಂಥ ಮೇಷ್ಟರು ಹೇಳಲಿಲ್ಲ.

ಈಗ ಆ ಮಾತಿಗೆ ಬರುತ್ತೇವೆ. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಊರಿನ ಹೆಸರು ಹೇಳುವುದಿಲ್ಲ, ಈ ತಾಲ್ಲೂಕಲ್ಲ. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ. ಲೆಕ್ಕದಲ್ಲಿ ಚುರುಕು, ಅಕ್ಷರ ಮುತ್ತಿನಂತೆ, ಶಾಲೆಯ ನಾಟಕದಲ್ಲಿ ದ್ರೌಪದಿಯ ಪಾತ್ರ ಮಾಡಿ ಊರವರಿಂದ ಚಪ್ಪಾಳೆ ತಟ್ಟಿಸಿಕೊಂಡವನು. ಒಂದು ದಿನ ಅವನ ತಂದೆ ಬಂದರು, ಸಣ್ಣ ವ್ಯಾಪಾರಿ, ಸಜ್ಜನರು. "ಮೇಷ್ಟ್ರೇ, ಇವನು ಜೊತೆಯ ಹುಡುಗನಿಗೆ ಒಂದು ಕಾಗದ ಬರೆದಿದ್ದಾನೆ. ಗಂಡುಮಗ ಗಂಡುಮಗನಿಗೆ ಬರೆಯುವ ಕಾಗದವಲ್ಲ ಅದು. ನೀವೇ ತಿದ್ದಬೇಕು" ಎಂದರು. ಕಾಗದ ನಮ್ಮ ಕೈಗೆ ಕೊಟ್ಟರು. ನಾವು ಓದಿದೆವು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತನಗೆ ಏನಾಗುತ್ತಿದೆಯೋ ತಿಳಿಯುತ್ತಿಲ್ಲ, ನಿನಗೂ ಹೀಗಾಗುತ್ತದೆಯೇ ಎಂದು ಕೇಳಿದ್ದ. ಅಷ್ಟೇ.

ನಾವು ಏನು ಮಾಡಿದೆವು? ಹುಡುಗನನ್ನು ಕರೆದು ಕೇಳಿದೆವೇ? ಇಲ್ಲ. ನಾಟಕದಿಂದ ಬಿಡಿಸಿದೆವು. ಆ ಗೆಳೆಯನನ್ನು ಇನ್ನೊಂದು ಸಾಲಿಗೆ ಕೂರಿಸಿದೆವು. ದಿನಾ ಸಂಜೆ ಕಬಡ್ಡಿ ಅಂಗಳಕ್ಕೆ ಇಳಿಸಿದೆವು, ಮೈಮೇಲೆ ನಾಲ್ಕು ಪೆಟ್ಟು ಬಿದ್ದರೆ ಗಂಡಸಾಗುತ್ತಾನೆಂದು. ಗಟ್ಟಿ ದನಿಯಲ್ಲಿ ಮಾತಾಡೆಂದು ತರಗತಿಯೆದುರು ನಿಲ್ಲಿಸಿ ಪಾಠ ಓದಿಸಿದೆವು, ಹುಡುಗರು ನಕ್ಕರು. ಅವರನ್ನು ಸುಮ್ಮನಿರಿಸಲು ನಾವು ಅವಸರ ಮಾಡಲಿಲ್ಲ. ಚಿತ್ರದಲ್ಲಿ ನೀಲಿ ಬಟ್ಟೆ ತೊಟ್ಟು ಸೌದೆ ಸೀಳಿಸುವ ಮೈಕ್‌ನನ್ನು ನೋಡಿ ಇಡೀ ಕೋಣೆ ನಗುತ್ತಿದ್ದಾಗ ನಾವು ನಗಲಾರದೆ ಕುಳಿತದ್ದು ಇದಕ್ಕೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಹುಡುಗ ಶಾಲೆಗೆ ಬರುವುದನ್ನು ನಿಲ್ಲಿಸಿದ, ಸ್ವಲ್ಪ ದಿನಕ್ಕೆ ಊರಲ್ಲೂ ಇರಲಿಲ್ಲ. ಬದುಕಿದ್ದಾನೆ, ದೂರದ ಪಟ್ಟಣದಲ್ಲಿ ದುಡಿಯುತ್ತಿದ್ದಾನೆ, ತಾಯಿಗೆ ಮಾತ್ರ ಆಗಾಗ ಫೋನು ಮಾಡುತ್ತಾನೆ. ಹತ್ತನೆಯ ತರಗತಿ ಪಾಸಾಗಲಿಲ್ಲ. ಅವನ ಒಲವು ಯಾವ ಕಡೆಯದೆಂದು ನಮಗೆ ಇವತ್ತಿಗೂ ಗೊತ್ತಿಲ್ಲ, ಅದು ನಮಗೆ ಗೊತ್ತಾಗಬೇಕಾದ ವಿಷಯವೂ ಅಲ್ಲ. ಆ ದಿನ ಅವನಿಗೂ ಗೊತ್ತಿರಲಿಲ್ಲ. ಅದನ್ನೇ ಕಾಗದದಲ್ಲಿ ಬರೆದಿದ್ದ.

ಅಮೆರಿಕದಲ್ಲಿ ಇನ್ನೊಬ್ಬ ಮೇಷ್ಟರಿದ್ದರು, ನಮಗಿಂತ ಉತ್ತಮರು. ಜೀನ್ ಮ್ಯಾನ್‌ಫರ್ಡ್ ಎಂಬ ಈಕೆ ನ್ಯೂಯಾರ್ಕಿನ ಕ್ವೀನ್ಸಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗ ಮಾರ್ಟಿ ಸಲಿಂಗಪ್ರೇಮಿ, ಹಕ್ಕಿಗಾಗಿ ಹೋರಾಡುವ ಕಾರ್ಯಕರ್ತ. 1972ರಲ್ಲಿ ಒಂದು ಪ್ರತಿಭಟನೆಯಲ್ಲಿ ಅವನನ್ನು ಹೊಡೆದರು, ಪೊಲೀಸರು ತಡೆಯಲಿಲ್ಲ. ತಾಯಿ ಪತ್ರಿಕೆಗೆ ಕಾಗದ ಬರೆದು, ತನ್ನ ಮಗ ಇಂಥವನು, ತಾನು ಅವನನ್ನು ಪ್ರೀತಿಸುತ್ತೇನೆ ಎಂದು ಸಹಿ ಹಾಕಿದರು. ಆ ಜೂನಿನಲ್ಲಿ ಮಗನ ಜೊತೆ ಮೆರವಣಿಗೆಯಲ್ಲಿ ನಡೆದರು. ಕೈಯಲ್ಲಿ ಹಿಡಿದ ಫಲಕದಲ್ಲಿ, ಇಂಥ ಮಕ್ಕಳ ಹೆತ್ತವರೇ, ಮಕ್ಕಳಿಗಾಗಿ ಒಂದಾಗಿ ಎಂಬ ಕರೆ. ಒಂದಾಗಿ ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ದಾರಿಯುದ್ದಕ್ಕೂ ಚಪ್ಪಾಳೆ ಬಿತ್ತು. ಮಕ್ಕಳ ಪಾಲನೆಯ ಪುಸ್ತಕ ಬರೆದ ಪ್ರಸಿದ್ಧ ವೈದ್ಯ ಸ್ಪಾಕ್ ಅದೇ ಮೆರವಣಿಗೆಯಲ್ಲಿ ಹತ್ತಿರವೇ ನಡೆಯುತ್ತಿದ್ದರು. ಚಪ್ಪಾಳೆ ಅವರಿಗಿರಬೇಕೆಂದು ಆಕೆ ಭಾವಿಸಿದರಂತೆ. ಚಪ್ಪಾಳೆ ಆಕೆಗೇ. ಹುಡುಗರು ಹುಡುಗಿಯರು ಓಡಿಬಂದು, ನಮ್ಮ ಅಪ್ಪ ಅಮ್ಮನ ಹತ್ತಿರವೂ ಮಾತಾಡುವಿರಾ ಎಂದು ಬೇಡಿದರು. 1973ರ ಮಾರ್ಚಿಯಲ್ಲಿ ಒಂದು ಚರ್ಚಿನಲ್ಲಿ ಇಂಥ ಹೆತ್ತವರ ಮೊದಲ ಸಭೆ ಸೇರಿತು. ಬಂದವರು ಸುಮಾರು 20 ಮಂದಿ. ಈ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದೀರಿ. ಅದು ಬೆಳೆದು 'ಪಿಫ್ಲಾಗ್' ಎಂಬ ಸಂಸ್ಥೆಯಾಯಿತು.

ನಮ್ಮ ಚಿತ್ರದ ಕೊನೆಯಲ್ಲಿ ಮೇಗನ್ ಶಿಬಿರದ ಘಟಿಕೋತ್ಸವಕ್ಕೆ ನುಗ್ಗಿ, ಗೊಂಡೆ ಹಿಡಿದು, ಗ್ರೇಯಂಳಿಗಾಗಿ ಒಂದು ಹುರಿದುಂಬಿಸುವ ಪದ್ಯ ಕುಣಿದು ಹಾಡುತ್ತಾಳೆ. ಗ್ರೇಯಂ ತಂದೆಯನ್ನೂ ತಂದೆಯ ಹಣವನ್ನೂ ಬಿಟ್ಟು ಓಡಿಬರುತ್ತಾಳೆ. ಎಲ್ಲ ಮುಗಿಯಿತೆಂದುಕೊಂಡರೆ ಇನ್ನೊಂದು ಚಿಕ್ಕ ದೃಶ್ಯವಿದೆ: ಮೇಗನ್‌ಳ ಅಪ್ಪ ಅಮ್ಮ ಆ ಪಿಫ್ಲಾಗಿನ ಸಭೆಯೊಂದಕ್ಕೆ ಬಂದಿದ್ದಾರೆ. ತಂದೆ ಮುಂದಾಗಿ, ತಾಯಿ ಮುಖ ಮರೆಸುತ್ತ. ಮೊದಲ ಮೆಟ್ಟಿಲು ಹತ್ತುವ ಸರದಿ ಈಗ ಅವರದು.

ನಾವು ಹೋದ ವಾರ ಬಸ್ಸು ಹತ್ತಿ ಆ ಹುಡುಗನ ತಂದೆಯ ಅಂಗಡಿಗೆ ಹೋಗಿದ್ದೆವು. ಗಿರಾಕಿಗಳಿದ್ದರು; ಒಂದು ಗಳಿಗೆ ನಿಲ್ಲಿ ಎಂದರು, ನಿಂತೆವು. ತೂಕ ಮಾಡಿ, ಪೊಟ್ಟಣ ಕಟ್ಟಿ, ಚಿಲ್ಲರೆ ಕೊಟ್ಟು ಕಳಿಸಿದ ಮೇಲೆ ಇತ್ತ ತಿರುಗಿದರು. ನಾವು ತಪ್ಪು ಮಾಡಿದೆವೆಂದು ಹೇಳಿದೆವು. ಅವರು ಬಹಳ ಹೊತ್ತು ತಕ್ಕಡಿಯ ಬಟ್ಟಲು ಒರೆಸುತ್ತ ಇದ್ದರು. "ಅವತ್ತು ನೀವು ಬೇರೆ ಮಾತು ಹೇಳಿದ್ದರೆ ನಾನು ಕೇಳ್ತಿದ್ದೆ, ಮೇಷ್ಟ್ರೇ" ಎಂದರು. ಚಹಾ ತರಿಸಿದರು. ಮಗನ ಫೋನ್ ನಂಬರು ತಾಯಿಯ ಹತ್ತಿರ ಇದೆ, ತಾವು ಇನ್ನೂ ಮಾಡಿಲ್ಲ ಎಂದರು. ಬರುವ ಭಾನುವಾರ ಮತ್ತೆ ಬನ್ನಿ ಎಂದಿದ್ದಾರೆ. ಆದುದರಿಂದ ಮುಂದಿನ ವಾರದ ಕೂಟ ನಮ್ಮಿಂದ ನಡೆಯುವುದಿಲ್ಲ, ಕಾರ್ಯದರ್ಶಿಗಳು ನಡೆಸಿಕೊಡುತ್ತಾರೆ.